ಪಟ್ಟಕ್ಕೆ ಮೊದಲು ಕೊಟ್ಟ ಮಾತು

ಮಲಪ್ರಭೆಯ ದಂಡೆಯ ಮೇಲಿರುವ ಪಟ್ಟದಕಲ್ಲು ಬಾದಾಮಿಯ ಚಾಲುಕ್ಯರು ಪಟ್ಟವೇರುತ್ತಿದ್ದ ಸ್ಥಳವೆಂಬುದು ಪರಂಪರೆಯ ಮಾತು. ಪಟ್ಟದ ಕಿಸುವೊಳಲೆಂಬ ಹಳೆಯ ಹೆಸರೂ ಅದನ್ನೇ ಸಾರುತ್ತದೆ. ಇಲ್ಲಿಗೆ ಬಂದ ಯಾತ್ರಿಕನು ವಿರೂಪಾಕ್ಷ ದೇವಾಲಯದ ಭವ್ಯತೆಗೆ ಬೆರಗಾಗಿ, ಅರಸನು ಕಿರೀಟ ಧರಿಸಿದ ಗಳಿಗೆಯನ್ನು ಕಲ್ಪಿಸಿಕೊಳ್ಳುತ್ತ ಹಿಂದಿರುಗುತ್ತಾನೆ. ಆದರೆ ಕಿರೀಟಕ್ಕೆ ಮೊದಲು ಆ ಅರಸುಮಗನು ಪ್ರಜೆಗಳಿಗೆ ಏನೆಂದು ಮಾತು ಕೊಟ್ಟಿದ್ದನೆಂದು ವಿಚಾರಿಸುವವರು ವಿರಳ.

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷಪದವಿಯನ್ನು ಬಯಸುವವರು ಮೊದಲು ತಂತಮ್ಮ ಪಕ್ಷದವರ ಮುಂದೆಯೇ ನಿಂತು, ತೆರಿಗೆ, ಕಾಯಿದೆ, ಯುದ್ಧ ಮೊದಲಾದ ವಿಷಯಗಳಲ್ಲಿ ಕಠಿಣವಾದ ಪ್ರಶ್ನೆಗಳಿಗೆ ಉತ್ತರವೀಯಬೇಕಾಗುತ್ತದೆ. ಸ್ವಪಕ್ಷದವರ ಕರತಾಡನದ ನಡುವೆ ಕೊಟ್ಟ ಉತ್ತರವು ಅಧಿಕಾರವು ಕೈಸೇರಿದ ಬಳಿಕ ಉಳಿಯುವುದೋ ಅಳಿಯುವುದೋ ಎಂಬ ಶಂಕೆ ಅಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ವಂಶಪಾರಂಪರ್ಯದ ಅರಸೊತ್ತಿಗೆಯಲ್ಲಿ ಇಂಥ ಪರೀಕ್ಷೆಗೆ ಎಡೆಯೇ ಇಲ್ಲವೆಂದು ತೋರುವುದು ಸಹಜ. ಆದರೂ ಕನ್ನಡನಾಡಿನ ಒಂದು ಶಿಲಾಸ್ತಂಭವು ಬೇರೊಂದು ಕಥೆಯನ್ನು ಹೇಳುತ್ತದೆ.

ಪುಲಿಗೆರೆ, ಎಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ, ವಿಜಯಾದಿತ್ಯನ ಮಗನಾದ ವಿಕ್ರಮಾದಿತ್ಯನು ಯುವರಾಜನಾಗಿದ್ದಾಗ, ಸುಮಾರು ಕ್ರಿ. ಶ. 725ರಲ್ಲಿ, ಅಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕೊಟ್ಟನು. ಅರಸನ ಅಧಿಕಾರಿಗಳು ವಾಸವಿಲ್ಲದ ಮನೆಗಳನ್ನೂ, ಅರಸನ ದತ್ತಿಗಳನ್ನೂ, ಸಜ್ಜನರ ಸಾಕ್ಷಿಯನ್ನೂ, ನಡೆದುಬಂದ ಮರ್ಯಾದೆಯನ್ನೂ, ತಾಮ್ರಶಾಸನಗಳನ್ನೂ, ಅನುಭವಿಸುತ್ತ ಬಂದ ಸ್ವತ್ತಿನ ಭೋಗವನ್ನೂ ಕಾಪಾಡತಕ್ಕದ್ದೆಂದು ಅದರಲ್ಲಿ ವಿಧಿಸಿದೆ. ಶಾಸನವು ಉತ್ತರವನ್ನು ಮಾತ್ರ ಉಳಿಸಿದೆ. ಆದರೆ ಪ್ರಶ್ನೆಯನ್ನು ಊಹಿಸುವುದು ಕಷ್ಟವಲ್ಲ. ಊರು ಬಿಟ್ಟುಹೋದವನ ಮನೆ ಯಾರ ಪಾಲು? ಹಳೆಯ ದತ್ತಿಯನ್ನು ಹೊಸ ಅಧಿಕಾರಿಯು ಮನ್ನಿಸುವನೇ? ಗೃಹಸ್ಥನಾದವನಿಗೆ ಇವುಗಳಿಗಿಂತ ಹಿರಿದಾದ ಪ್ರಶ್ನೆಗಳುಂಟೇ?

ಪ್ರಜೆಗಳ ಕರ್ತವ್ಯವನ್ನೂ ಶಾಸನವು ಮರೆತಿಲ್ಲ. ವೈಶಾಖಮಾಸದಲ್ಲಿ ದೇಶಾಧಿಪತಿಗೆ ಮನೆಯ ತೆರಿಗೆಯನ್ನು ಸಲ್ಲಿಸಬೇಕು: ಉತ್ತಮರು 10 ಪಣ, ಮಧ್ಯಮರು 7, ಅವರಿಗಿಂತ ಕೆಳಗಿನವರು 5, ಕಟ್ಟಕಡೆಯವರು 3. ಕಳವು ಮೊದಲಾದ ಅಪರಾಧಗಳ ದಂಡವೂ, ಮಕ್ಕಳಿಲ್ಲದವರ ಸ್ವತ್ತೂ ಕಾರ್ತಿಕದಲ್ಲಿ ಅಲ್ಲಿಯ ಶ್ರೇಣಿಗೆ ಸೇರತಕ್ಕವು. ಕೊಡತಕ್ಕುದು ಎಷ್ಟು, ಯಾವಾಗ, ಯಾರಿಗೆ ಎಂಬುದು ಹೀಗೆ ಗೊತ್ತಾದ ಮೇಲೆ ಅಧಿಕಾರಿಯು ಮನಬಂದಂತೆ ಕೇಳುವುದು ಸುಲಭವಲ್ಲವಷ್ಟೆ. ಇದು ಚುನಾವಣೆಯಲ್ಲ, ನಿಜ; ಯುವರಾಜನನ್ನು ನಿರಾಕರಿಸುವ ಹಕ್ಕು ಪುಲಿಗೆರೆಯವರಿಗೆ ಇರಲಿಲ್ಲ. ಆದರೂ ಅವನ ಮಾತು ಗಾಳಿಗೆ ಹೋಗದೆ, ಎಲ್ಲರೂ ತೋರಿಸಿ ಕೇಳಬಹುದಾದ ಅಕ್ಷರವಾಗಿ ಬೀದಿಯಲ್ಲಿ ನಿಂತಿತು.

733ರಲ್ಲಿ ವಿಕ್ರಮಾದಿತ್ಯನು ಸಿಂಹಾಸನವನ್ನೇರಿದನು. ಶತ್ರುವಿನ ರಾಜಧಾನಿಯಾದ ಕಂಚಿಯನ್ನು ಗೆದ್ದಾಗ, ಅದನ್ನು ಸೂರೆಗೊಳ್ಳದೆ ರಾಜಸಿಂಹೇಶ್ವರನ ಧನವನ್ನು ದೇವರಿಗೇ ಮರಳಿ ಬಿಟ್ಟುಕೊಟ್ಟನೆಂದು ಅಲ್ಲಿಯ ಕೈಲಾಸನಾಥ ದೇಗುಲದ ಕನ್ನಡ ಶಾಸನವು ಹೇಳುತ್ತದೆ. ಈ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರವೇ ಇಂದಿನ ವಿರೂಪಾಕ್ಷ.

ಆ ದೇವಾಲಯದ ಶಾಸನವೊಂದು ಇನ್ನೂ ಮನನೀಯವಾಗಿದೆ. ಮಾವನಾದ ವಿಜಯಾದಿತ್ಯನು ಗಾಯಕರಿಗೆ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಲೋಕಮಹಾದೇವಿಯು ಸ್ಥಿರಪಡಿಸಿದಳೆಂದು ಅದು ತಿಳಿಸುತ್ತದೆ. ಕೊಟ್ಟವನು ಹೋದರೂ ಕೊಟ್ಟ ಮಾತು ಮನೆತನದ ಮೇಲಿನ ಋಣವೆಂದು ಆ ರಾಣಿಯು ಎಣಿಸಿದಳು. ಪಟ್ಟದಕಲ್ಲಿನ ಗೋಪುರಗಳನ್ನು ನೋಡಲು ಹೋಗುವವರು ಈ ಸಣ್ಣ ಬರಹದ ಮುಂದೆಯೂ ಕ್ಷಣಕಾಲ ನಿಲ್ಲುವುದು ಉಚಿತ.