ಮುದಗಲ್ಲಿನ ಜ್ಞಾನಸ್ನಾನ: ಒಂದು ಅಕ್ಷರದ ಪ್ರಶ್ನೆ

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಎಂದೊಡನೆ ಅಲ್ಲಿಯ ಕೋಟೆಯೂ ಮೊಹರಮ್ಮೂ ನೆನಪಿಗೆ ಬರುತ್ತವೆ. ಆ ಊರಿನಲ್ಲಿ ಬಹು ಹಳೆಯ ರೋಮನ್ ಕ್ಯಾಥೋಲಿಕ್ ಸಮುದಾಯವೊಂದಿದೆ ಎಂಬುದನ್ನು ಬಲ್ಲವರು ಕಡಿಮೆ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ಅದು ಬೆಳೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಇಟಲಿಯ ಜೆಸ್ವಿಟರು ಕನ್ನಡಕ್ಕೆ ತಂದ ಪ್ರಾರ್ಥನೆ ಉಪದೇಶಗಳ ಪುಸ್ತಕಗಳು ಅವರಲ್ಲಿದ್ದುದನ್ನೂ, ಪಾದ್ರಿ ಇಲ್ಲದಾಗ ಇತರರೇ ಅವನ್ನು ಓದುತ್ತಿದ್ದುದನ್ನೂ ಹೇಳಿದ್ದಾನೆ.

ಪಾದ್ರಿ ಇಲ್ಲದ ಊರಿನಲ್ಲಿ ಮಗು ಹುಟ್ಟಿ, ಅದು ಬದುಕುವ ಭರವಸೆಯಿಲ್ಲದೆ ಹೋದರೆ ಗತಿಯೇನು? ಬಲಿಪೂಜೆಗೂ ಪಾಪನಿವೇದನೆಗೂ ಪಾದ್ರಿ ಬೇಕೇ ಬೇಕು. ಜ್ಞಾನಸ್ನಾನಕ್ಕೆ ಹಾಗಿಲ್ಲ. 1439ರಲ್ಲಿ ಫ್ಲಾರೆನ್ಸಿನ ಧರ್ಮಸಭೆ ಹೊರಡಿಸಿದ ನಿರ್ಣಯದಂತೆ, ಸಂಸ್ಕಾರವು ಸಿದ್ಧಿಸಲು ಮೂರು ಬೇಕು: ದ್ರವ್ಯ, ವಾಕ್ಯ, ಮತ್ತು ಮಾಡುವವನ ಸಂಕಲ್ಪ. ತೀರ ಅಗತ್ಯ ಬಿದ್ದಾಗ ಯಾರಾದರೂ, ಕ್ರೈಸ್ತರಲ್ಲದವರೂ ಕೂಡ, ಜ್ಞಾನಸ್ನಾನ ಮಾಡಿಸಬಹುದು. ನೀರಿರಬೇಕು, ಮಾತು ಸರಿಯಿರಬೇಕು, ಸಭೆಯು ಮಾಡುವುದನ್ನೇ ಮಾಡುವ ಉದ್ದೇಶವಿರಬೇಕು. ಲ್ಯಾಟಿನ್ ಬೇಕೆಂಬ ಕಟ್ಟಳೆಯಿಲ್ಲ. ಸೂಲಗಿತ್ತಿಯ ಕನ್ನಡವೂ ಸಾಲುತ್ತದೆ, ಅರ್ಥ ಕೆಡದಿದ್ದರೆ.

ಅರ್ಥ ಕೆಡುವುದೆಂದರೇನು? ಸ್ವರ ತಪ್ಪಿದ 'ಇಂದ್ರಶತ್ರು' ಎಂಬ ಮಂತ್ರವು ಯಜಮಾನನನ್ನೇ ಕೊಂದ ಕಥೆ ನಮಗೆ ಗೊತ್ತು. ರೋಮಿನ ನ್ಯಾಯ ಅಷ್ಟು ಕಠಿನವಲ್ಲ. ಕ್ರಿ. ಶ. 746ರಲ್ಲಿ ಬವೇರಿಯದ ಪಾದ್ರಿಯೊಬ್ಬ ವ್ಯಾಕರಣವರಿಯದೆ, 'ಪಿತನ' ಎನ್ನಬೇಕಾದಲ್ಲಿ 'ಪಿತೃಭೂಮಿ' ಎಂದೂ, 'ಪುತ್ರನ' ಎನ್ನಬೇಕಾದಲ್ಲಿ 'ಪುತ್ರಿ' ಎಂದೂ ಅರ್ಥ ಬರುವಂತೆ ಲ್ಯಾಟಿನ್ ನುಡಿಯುತ್ತಿದ್ದ. ಆ ಮಕ್ಕಳಿಗೆ ಮತ್ತೆ ಜ್ಞಾನಸ್ನಾನ ಮಾಡಿಸಬೇಕೆಂದಿದ್ದ ಬೊನಿಫಾಸನನ್ನು ಪೋಪ್ ಜಕಾರಿಯಾಸ್ ತಡೆದ. ಅದು ನಾಲಗೆಯ ತಪ್ಪೇ ಹೊರತು ನಂಬಿಕೆಯ ತಪ್ಪಲ್ಲ ಎಂಬುದು ಅವನ ತೀರ್ಪು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಕೆಲವೆಡೆ ಪಾದ್ರಿಗಳು ಇಡೀ ಸಮುದಾಯವನ್ನು ಒಳಗೊಳ್ಳುವ ಸದುದ್ದೇಶದಿಂದ 'ನಾನು' ಎಂಬುದನ್ನು 'ನಾವು' ಎಂದು ತಿದ್ದಿದರು. ಇದು ಊರ್ಜಿತವಲ್ಲವೆಂದು 2020ರಲ್ಲಿ ವ್ಯಾಟಿಕನ್ ಸಾರಿತು. ಜ್ಞಾನಸ್ನಾನ ಕೊಡುವವನು ನಿಜದಲ್ಲಿ ಕ್ರಿಸ್ತ, ಪಾದ್ರಿ ಅವನ ಬಾಯಿ ಮಾತ್ರ. 'ನಾವು' ಎಂದೊಡನೆ ಕರ್ತೃವೇ ಬದಲಾಗುತ್ತಾನೆ ಎಂಬುದು ವಾದ. ಅಮೆರಿಕದ ಡೆಟ್ರಾಯಿಟ್ಟಿನಲ್ಲಿ ಒಬ್ಬ ಪಾದ್ರಿಯ ಶೈಶವದ ಜ್ಞಾನಸ್ನಾನವೇ ಹೀಗೆ ಅಸಿಂಧುವೆನಿಸಿ, ಅವರ ಪಾದ್ರಿದೀಕ್ಷೆಯೂ ಅದರೊಡನೆ ಬಿದ್ದುಹೋಯಿತು. ಎಲ್ಲವನ್ನೂ ಮೊದಲಿನಿಂದ ಪಡೆಯಬೇಕಾಯಿತು. ಅವರಿಂದ ಪಾಪಕ್ಷಮೆ ಪಡೆದಿದ್ದವರ ಕಳವಳವನ್ನು ಊಹಿಸಿಕೊಳ್ಳಬಹುದು.

ಹಾಗಾದರೆ 'ನಾನು' ಎಂಬ ಪದದಲ್ಲೇ ಮಹಿಮೆಯಿದೆಯೇ? ಅದೂ ಅಲ್ಲ. ಗ್ರೀಕ್ ಕ್ರೈಸ್ತರ ವಾಕ್ಯ ಕರ್ಮಣಿ ಪ್ರಯೋಗದಲ್ಲಿದ್ದು, ಅದರಲ್ಲಿ 'ನಾನು' ಇಲ್ಲವೇ ಇಲ್ಲ. ಫ್ಲಾರೆನ್ಸಿನ ಸಭೆ ಅದನ್ನೂ ಒಪ್ಪಿತು. ಪದ ಇಲ್ಲದಿದ್ದರೂ ನಡೆಯುತ್ತದೆ, ಕರ್ತೃವಿನ ಜಾಗದಲ್ಲಿ ಬೇರೆಯವರು ಬಂದು ಕೂರಬಾರದು. ನಮ್ಮ ಭಾಷೆಯಲ್ಲಿ ಇದು ಇನ್ನೂ ಸೂಕ್ಷ್ಮ. 'ನಾನು' ಎಂದು ಬಿಡಿಸಿ ಹೇಳದೆಯೂ 'ಕೊಡುತ್ತೇನೆ' ಎಂಬ ಕ್ರಿಯಾಪದವೇ ಕರ್ತೃವನ್ನು ತಿಳಿಸುತ್ತದೆ. 'ಕೊಡುತ್ತೇವೆ' ಎಂದರೆ ವ್ಯತ್ಯಾಸ ಒಂದೇ ಅಕ್ಷರದ್ದು. 'ನಾವು' ಎಂಬುದನ್ನು ಗೌರವಕ್ಕೂ ಬಳಸುವ ನಮ್ಮವರ ಬಾಯಲ್ಲಿ ಈ ಅಕ್ಷರ ಜಾರುವುದು ಸುಲಭ.

ಇದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಗಣಿಯ ಇಂಜಿನಿಯರ್ ಬೀಡನ್ ಕಂಡ ಶಾಸನವನ್ನು ನೆನೆಯಬೇಕು. ಬೇರೆಡೆಯ ಬಂಡೆಗಳ 'ದೇವಾನಾಂಪ್ರಿಯ' ಯಾರೆಂಬ ಸಂದೇಹವನ್ನು ಇಲ್ಲಿ ಕೆತ್ತಿದ ಅಶೋಕನೆಂಬ ಹೆಸರೊಂದೇ ತೀರಿಸಿತು. ಅದೇ ಅಶೋಕ ತನ್ನ ಹದಿನಾಲ್ಕನೆಯ ಶಾಸನದಲ್ಲಿ, ಬರೆಹದ ಕೊರತೆಗಳಿಗೆ ಲಿಪಿಕಾರನ ತಪ್ಪೂ ಕಾರಣವಿರಬಹುದೆಂದು ಹೇಳಿ ಸಮಾಧಾನ ಮಾಡುತ್ತಾನೆ. ಪೋಪ್ ಜಕಾರಿಯಾಸನ ಔದಾರ್ಯವೂ ಈ ಜಾತಿಯದೇ. ಮುದಗಲ್ಲಿನ ಕನ್ನಡ ಪ್ರಾರ್ಥನೆಗಳನ್ನು ಕನ್ನಡ ಗದ್ಯದ ಚರಿತ್ರೆಯಲ್ಲಿ ಸೇರಿಸಿ ಓದುವವರು ಅಲ್ಲಿಯ ಕ್ರಿಯಾಪದಗಳನ್ನು ತಾಳ್ಮೆಯಿಂದ ನೋಡಬೇಕು. ಪಾದ್ರಿ ಬಾರದ ದಿನಗಳಲ್ಲಿ ಆ ಜನ ತಮ್ಮ ಮಕ್ಕಳ ಪರಗತಿಯನ್ನು ನಂಬಿದ್ದು ಆ ಪ್ರತ್ಯಯಗಳನ್ನೇ.