ಕವಲೇದುರ್ಗವೂ ನೃಪತುಂಗ ರಸ್ತೆಯೂ

ಸಾಗರದ ಬಳಿಯ ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಯಲ್ಲಿ ಬೆಳೆದು, ಇಂದಿನ ಹೊಸನಗರ ಸೀಮೆಯ ಬಿದನೂರಿನಲ್ಲಿ ವೈಭವದ ಶಿಖರವನ್ನೇರಿದ ನಾಯಕರ ರಾಜ್ಯಕ್ಕೆ, ಸೋಮಶೇಖರನಾಯಕನು ಹತನಾದ ಬಳಿಕ, 1672ರಲ್ಲಿ ಒಡತಿಯಾದವಳು ಆತನ ರಾಣಿ ಚೆನ್ನಮ್ಮಾಜಿ. ಬಿಜಾಪುರದ ದಂಡು ರಾಜಧಾನಿಯತ್ತ ಬರುತ್ತಿರಲು ಆಕೆ ಬೊಕ್ಕಸಸಮೇತಳಾಗಿ ಭುವನಗಿರಿಗೆ, ಎಂದರೆ ತೀರ್ಥಹಳ್ಳಿಯ ಕಡೆಯ ಕವಲೇದುರ್ಗಕ್ಕೆ ಸರಿದು, ಅಲ್ಲಿಂದಲೇ ರಾಜ್ಯಸೂತ್ರವನ್ನು ಹಿಡಿದಳೆಂಬುದೂ, 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಇದಿರಿಸಿದಳೆಂಬುದೂ ನಮ್ಮ ನಾಡಿನ ಮಕ್ಕಳೂ ಬಲ್ಲ ಸಂಗತಿಗಳು.

ಪೊಲೀಸ್ ಅಧಿಕಾರಿಣಿಯರನ್ನು ಅಭಿನಂದಿಸುವ ಸಭೆಗಳಲ್ಲಿ ವಾಗ್ಮಿಗಳು ಇವಳನ್ನೇ ಅವರ ಪೂರ್ವಜೆಯೆಂದು ಕರೆಯುವುದುಂಟು. ಮಲೆನಾಡಿಗನ ಕಿವಿಗೆ ಅದು ಇಂಪಾದರೂ ಬುದ್ಧಿಗೆ ಒಪ್ಪುವ ಮಾತಲ್ಲ. ಪತಿಯ ಮರಣವೂ ಸಂತಾನದ ಅಭಾವವೂ ಕೂಡಿಬರದಿದ್ದರೆ ದಂಡನಾಧಿಕಾರವು ಆಕೆಯ ಕೈಸೇರುತ್ತಿರಲಿಲ್ಲ; ದತ್ತಪುತ್ರ ಬಸವಪ್ಪನಾಯಕನಿಗೆ ಅದು ಸಂದಮೇಲೆ ಅರಮನೆಯ ಹೊರಗಣ ಯಾವ ಹೆಣ್ಣಿಗೂ ಅದರಿಂದ ದಾರಿ ತೆರೆಯಲಿಲ್ಲ. 1763ರಲ್ಲಿ ಹೈದರಾಲಿಗೆ ಬಿದನೂರನ್ನು ಕಳೆದುಕೊಂಡು ಮಧುಗಿರಿಯಲ್ಲಿ ಸೆರೆಯಾದ ವೀರಮ್ಮಾಜಿಯೂ ವಿಧವೆಯಾಗಿಯೇ ಆಳಿದವಳು.

ಪರೀಕ್ಷೆಯನ್ನು ಬರೆದು, ಕವಾಯತನ್ನು ಕಲಿತು, ಎಎಸ್‌ಪಿ, ಎಸ್‌ಪಿ, ಡಿಐಜಿ ಎಂದು ಒಂದೊಂದೇ ಸೋಪಾನವನ್ನು ಹತ್ತುವ ಅವಕಾಶವು ಸ್ತ್ರೀಗೆ ದೊರೆತದ್ದು ತೀರ ಈಚೆಗೆ. ಕಿರಣ್ ಬೇಡಿಯವರು 1972ರಲ್ಲಿ ಐಪಿಎಸ್ ಸೇರಿದ ಮೂರು ವರ್ಷಕ್ಕೆ, 1975ರ ತಂಡದಿಂದ ಕರ್ನಾಟಕಕ್ಕೆ ಬಂದ ಮೊದಲ ಮಹಿಳೆ ಜೀಜಾ ಹರಿಸಿಂಗ್. ಅವರು ಡಿಜಿಪಿ ದರ್ಜೆಯನ್ನೇ ಮುಟ್ಟಿದರು. ಆದರೆ ದೊರೆತದ್ದು ಅಗ್ನಿಶಾಮಕ ಇಲಾಖೆಯ ಸೂತ್ರ, ರಾಜ್ಯದ ಪೊಲೀಸ್ ಮುಖ್ಯಸ್ಥಾನವಲ್ಲ. ದರ್ಜೆ ಬೇರೆ, ಪೀಠ ಬೇರೆ ಎಂಬ ಈ ಸೂಕ್ಷ್ಮವನ್ನು ಸನ್ಮಾನಪತ್ರಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ನೃಪತುಂಗ ರಸ್ತೆಯ ಪ್ರಧಾನ ಕಛೇರಿಯ ಆ ಪೀಠದಲ್ಲಿ ಮಹಿಳೆಯೊಬ್ಬರು ಕುಳಿತದ್ದು 2017ರ ಅಕ್ಟೋಬರ್ 31ರಂದು, ಎಂದರೆ ಜೀಜಾ ಅವರು ಬಂದ 42 ವರ್ಷಗಳ ತರುವಾಯ. ಹಾಗೆ ಕುಳಿತ ನೀಲಮಣಿ ಎನ್. ರಾಜು ಅವರು ರೂರ್ಕಿಯ ಕಡೆಯಿಂದ ಬಂದು 1983ರ ತಂಡದವರಾಗಿ ಕರ್ನಾಟಕಕ್ಕೆ ಸೇರಿ, ಸೇವೆಯ ಬಹುಭಾಗವನ್ನು ಕೇಂದ್ರದ ಗುಪ್ತಚರ ವಿಭಾಗದಲ್ಲಿ ಕಳೆದವರು. ಕೀರ್ತಿಯನ್ನು ತರದ, ಹೆಸರನ್ನು ಮುಚ್ಚಿಡುವ ಕೆಲಸವದು. ಅದರಿಂದಲೇ ಏನೋ, ನೇಮಕದ ದಿನ ಅವರ ಕಾರ್ಯವನ್ನು ವರ್ಣಿಸುವುದಕ್ಕಿಂತ ಅವರು ಹೆಂಗಸೆಂಬುದನ್ನು ಸಾರುವುದೇ ಪತ್ರಿಕೆಗಳಿಗೆ ಸುಲಭವಾಯಿತು. ಉತ್ತರಾಖಂಡದಲ್ಲಿ ಕಾಂಚನ್ ಚೌಧರಿ ಭಟ್ಟಾಚಾರ್ಯರು 2004ರಲ್ಲಿಯೇ ಆ ಸ್ಥಾನಕ್ಕೇರಿದ್ದರೆಂಬುದನ್ನು ನೆನೆದರೆ ನಮ್ಮ ಹೆಮ್ಮೆಗೆ ತುಸು ಮಿತಿಯೂ ಬೇಕು.

ನೀಲಮಣಿಯವರು 2020ರ ಜನವರಿ 31ರಂದು ನಿವೃತ್ತರಾದರು. ಅನಂತರ ಆ ಪೀಠಕ್ಕೆ ಪ್ರವೀಣ್ ಸೂದ್, ಅಲೋಕ್ ಮೋಹನ್, ಎಂ. ಎ. ಸಲೀಂ ಬಂದರು.