ಆಟದ ಹೆಸರಲ್ಲಿ ಬೇಟೆ

2014ರ ಆಗಸ್ಟ್. ಅಮೆರಿಕದ ಗೇಮ್ ತಯಾರಕರಾದ ಜೋಯಿ ಕ್ವಿನ್ ಮೇಲೆ ಆರೋಪ ಬಂತು: ಪತ್ರಕರ್ತನೊಬ್ಬನ ಸ್ನೇಹ ಬಳಸಿ ತಮ್ಮ ಗೇಮ್‌ಗೆ ಒಳ್ಳೆಯ ವಿಮರ್ಶೆ ಬರೆಸಿಕೊಂಡರು ಅಂತ. ಸ್ವಾಮಿ, ಆತ ಆ ಗೇಮ್‌ನ ವಿಮರ್ಶೆ ಬರೆದೇ ಇರಲಿಲ್ಲ! ಆದರೂ ‘ಗೇಮರ್‌ಗೇಟ್’ ಹೊತ್ತಿಕೊಂಡಿತು. ಬಾಯಲ್ಲಿ ಪತ್ರಿಕಾಧರ್ಮದ ಮಾತು, ಕಳಿಸಿದ್ದು ಅತ್ಯಾಚಾರ, ಕೊಲೆಯ ಬೆದರಿಕೆ.

ಗೇಮ್‌ಗಳಲ್ಲಿ ಹೆಣ್ಣನ್ನು ಹೇಗೆ ತೋರಿಸ್ತಾರೆ ಅಂತ ವಿಡಿಯೋ ಮಾಡುತ್ತಿದ್ದವರು ಅನಿತಾ ಸರ್ಕೀಸಿಯನ್. ಅಕ್ಟೋಬರ್‌ನಲ್ಲಿ ಯೂಟಾ ಸ್ಟೇಟ್ ಯೂನಿವರ್ಸಿಟಿಗೆ ಇಮೇಲ್ ಬಂತು: ಆಕೆಯ ಭಾಷಣ ನಡೆದರೆ ಹತ್ಯಾಕಾಂಡ. ಪರವಾನಗಿ ಇದ್ದವರು ಬಂದೂಕು ತಂದರೆ ರಾಜ್ಯದ ಕಾನೂನಿನ ಪ್ರಕಾರ ತಡೆಯಲಾಗದು ಎಂದರು ಅಧಿಕಾರಿಗಳು. ಅನಿತಾ ಭಾಷಣ ರದ್ದು ಮಾಡಿದರು.

ಸ್ತ್ರೀವಾದ ಒಪ್ಪದವರು ವಾದ ಮಾಡಲಿ, ನನ್ನ ತಕರಾರಿಲ್ಲ. ನಾನು ಕೇಳೋದು ಇಷ್ಟೇ: ವಾದದಲ್ಲಿ ಬಲ ಇದ್ದವರಿಗೆ ಬಂದೂಕಿನ ಬೆದರಿಕೆ ಯಾಕೆ ಬೇಕು?